ಸಮ ಬಂದರೆ ಅಕ್ಕೋರಿಗೆ

ಅಕ್ಕೋರು ಇಸ್ಪೀಟು ಹಂಚುವಾಗ ತಮ್ಮ ಎರಡೂ ಎಲೆಗಳನ್ನು ತೆರೆದೇ ಇಡುತ್ತಿದ್ದರು. "ನೋಡ್ಕೋ ತಮ್ಮಾ, ನನ್ನ ಕಡೆ ಮುಚ್ಚಿಡೂದು ಏನೂ ಇಲ್ಲ" ಎನ್ನುತ್ತಿದ್ದರು.

ಧಾರವಾಡದ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರು. ಅಮೆರಿಕದ ಸರಟೋಗಾದಲ್ಲಿದ್ದ ಡಾಕ್ಟರ್ ಮಗನ ಮನೆಗೆ ಬಂದಿದ್ದರು. ಅದೇ ಮನೆಯ ಹಿಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಅವರ ಊರಿನಲ್ಲಿ ಶಿಕ್ಷಕಿಯರನ್ನು ಕರೆಯುವಂತೆ ನಾನೂ ಅಕ್ಕೋರೇ ಎಂದು ಕರೆದೆ.

ಮಗ ಒಮ್ಮೆ ರೀನೋಗೆ ಕರೆದೊಯ್ದಾಗ, ಕ್ಯಾಸಿನೋದಲ್ಲಿ ಏನೂ ಆಡದೆ ಎರಡು ಗಂಟೆ ನಿಂತು ನೋಡಿ ಈ ಆಟ ಕಲಿತು ಬಂದಿದ್ದರು. ಮೊದಲು ಎರಡೆರಡು ಎಲೆ, ಬೇಕಾದರೆ ಮತ್ತೆ ತೆಗೆದುಕೊಳ್ಳಬಹುದು; ಮೊತ್ತ ಇಪ್ಪತ್ತೊಂದು ದಾಟದೆ ಅದಕ್ಕೆ ಹತ್ತಿರವಾದವರು ಗೆಲ್ಲುತ್ತಾರೆ. ಮಾಮೂಲಿ ಬ್ಲ್ಯಾಕ್‌ಜಾಕ್‌ನಲ್ಲಿ ಹಂಚುವವರ ಒಂದು ಎಲೆ ಮುಚ್ಚಿರುತ್ತದೆ, ಸಮ ಬಂದರೆ ಯಾರಿಗೂ ಗೆಲುವಿಲ್ಲ. ಇಲ್ಲಿ ಎರಡೂ ತೆರೆದಿರುತ್ತವೆ. ಬದಲಿಗೆ, ಸಮ ಬಂದರೆ ಹಂಚುವವರೇ ಗೆದ್ದಂತೆ. "ಎಲ್ಲಾ ತೋರಸಾಂವ ಎಲ್ಲೋ ಒಂದ ಕಡೆ ವಸೂಲಿ ಮಾಡ್ತಾನ" ಎಂದು ನಕ್ಕಿದ್ದರು.

ಶನಿವಾರ ಮಧ್ಯಾಹ್ನ ಆಡುತ್ತಿದ್ದೆವು. ಎಲೆ ಬೀಳುವ ಮೊದಲೇ ಮೊತ್ತ ಅವರ ಬಾಯಲ್ಲಿರುತ್ತಿತ್ತು. ನಾನು ದಿನಚರಿಯಲ್ಲಿ ಸೋಲು ಗೆಲುವಿನ ಗೀಟು ಎಳೆಯುತ್ತಿದ್ದೆ. "ಬೆಂಗಳೂರಾಂವ ವಹಿ ಛಲೋ ಬರೀತಾನ, ಆಟ ಬರೂದಿಲ್ಲ" ಎಂದು ಛೇಡಿಸುತ್ತಿದ್ದರು. ಅವರ ಎಲೆ ಕಣ್ಣೆದುರಿದ್ದೂ ಸಮ ಬಂದು ಸೋತಾಗ ನನಗೆ ಹೆಚ್ಚು ಉರಿಯುತ್ತಿತ್ತು.

೧೯೮೪ರ ಮಾರ್ಚ್ ೩. ಅವರಿಗೆ ಏಳು, ನಾಲ್ಕು, ಎಂಟು. ನನ್ನದೂ ಹತ್ತೊಂಬತ್ತೇ.

"ಹತ್ತೊಂಬತ್ತು. ಸಮಾ. ನಂದು."

ಎಲೆಗಳನ್ನು ಬೇಗ ಗುಡ್ಡೆ ಮಾಡುತ್ತ, "ನಿಮ್ದು ಹದಿನೆಂಟು, ಅಕ್ಕೋರೇ" ಎಂದೆ.

ಅವರು ನನ್ನ ದಿನಚರಿಯ ಕಡೆ ನೋಡಿದರು. "ಹೌದೇನು? ಬರದಿಡಾಂವ ನೀನು. ನಿಂದ ಖರೇ ಇರಬೇಕು."

ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ. ಮೇ ಮುಗಿಯುವಷ್ಟರಲ್ಲಿ ಹನ್ನೊಂದು ಸಲ ಹಾಗೆ ಮಾಡಿದೆ. ಪ್ರತಿ ಸುಳ್ಳು ಗೆಲುವಿನ ಪಕ್ಕ ಒಂದು ಚುಕ್ಕೆ ಇಟ್ಟಿದ್ದೇನೆ.

ಅಕ್ಕೋರು ಬೆರಳು ಮಡಚಿ ಎಣಿಸತೊಡಗಿದರು. ಮೊಮ್ಮಗಳು ಹೋಂವರ್ಕು ತಂದರೆ, "ನಿಮ್ಮಪ್ಪನ್ನ ಕೇಳವಾ, ನಾ ತಪ್ಪು ಹೇಳಿಗೀಳೇನು" ಎನ್ನುತ್ತಿದ್ದರು.

"ಬಟ್ ಯು ಆರ್ ದ ಟೀಚರ್, ಅಜ್ಜಿ" ಎಂದಳು ಮಗು.

ಜೂನ್ ೧೬, ಅವರು ಧಾರವಾಡಕ್ಕೆ ಹೊರಟ ದಿನ. ಇಸ್ಪೀಟಿನ ಕಟ್ಟನ್ನು ನನ್ನ ಕೈಗಿಟ್ಟರು. "ಇನ್ನ ನೀನ ಹಂಚು. ನನ್ನ ತಲಿ ಕೂಡಸೋದು ಬಿಟ್ಟದ. ಶಾಲ್ಯಾಗ ಆ ಹುಡುಗರಿಗೆ ಏನ ಕಲಿಸಿದ್ನೋ ಏನೋ."

ದಿನಚರಿ ನನ್ನ ಕಂಕುಳಲ್ಲೇ ಇತ್ತು. "ವಯಸ್ಸಾಯ್ತಲ್ಲ ಅಕ್ಕೋರೇ, ಎಲ್ಲರಿಗೂ ಹಾಗೇ" ಎಂದು ಅವರ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟೆ. ಮತ್ತೆ ಅವರನ್ನು ನೋಡಲಿಲ್ಲ.

ಆ ದಿನದ ಪುಟದಲ್ಲಿ 'ಅಕ್ಕೋರು ಊರಿಗೆ ಹೋದರು' ಎಂದಷ್ಟೇ ಇದೆ. ಅಲ್ಲೂ ಚುಕ್ಕೆ ಇಡಬೇಕಿತ್ತು, ಹನ್ನೆರಡನೆಯದು.