ಮಾಲೆ ಹಾಕದ ಫೋಟೋ

ಮದುವೆಗೆ ಹುಡುಗ ಸಿಗುವುದಕ್ಕಿಂತ ಫೋಟೋಗ್ರಾಫರ್ ಸಿಗುವುದು ಕಷ್ಟ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹುಡುಗನನ್ನು ಮಗಳೇ ಹುಡುಕಿಕೊಂಡಿದ್ದಳು. ತೀರ್ಥಹಳ್ಳಿಯವನು, ಮಾತು ಕಡಿಮೆ, ಊಟ ಜೋರು, ನಮಗೆ ಒಪ್ಪಿಗೆಯಾಯಿತು. ಛತ್ರ ಯಾವ ಊರಲ್ಲಿ ಎಂದು ಸ್ವಲ್ಪ ದಿನ ಎಳೆದಾಡಿ, ನಮ್ಮ ಸಾಗರವೂ ಬೇಡ ಅವರ ತೀರ್ಥಹಳ್ಳಿಯೂ ಬೇಡ, ನಡುವಿನ ಹೊಸನಗರದಲ್ಲಿ ಇರಲಿ ಎಂದು ತೀರ್ಮಾನವಾಯಿತು. ಇನ್ನು ನಮ್ಮ ಪಾಲಿಗೆ ಉಳಿದದ್ದು ಫೋಟೋದವನನ್ನು ಗೊತ್ತು ಮಾಡುವ ಕೆಲಸ.

ತೀರ್ಥಹಳ್ಳಿಯ ಒಬ್ಬ ಫೋಟೋಗ್ರಾಫರನಿಗೆ ಫೋನ್ ಮಾಡಿದೆ. ‘ನಿಮ್ಮ ಕಾನ್ಸೆಪ್ಟ್ ಏನು ಮೇಡಂ?’ ಎಂದು ಕೇಳಿದ. ‘ಮದುವೆ ಮಾರಾಯ್ರೆ, ಅದರಲ್ಲಿ ಎಂತ ಕಾನ್ಸೆಪ್ಟು?’ ಎಂದೆ. ಆಮೇಲೆ ತಿಳಿಸುತ್ತೇನೆಂದು ಫೋನಿಟ್ಟವನು ಇವತ್ತಿನವರೆಗೂ ತಿಳಿಸಿಲ್ಲ. ಹೊಸನಗರದವನು ಪಾಪ, ಮನೆಗೇ ಬಂದು ಆಲ್ಬಮ್ ತೋರಿಸಿದ. ಅದರಲ್ಲಿ ಎಲ್ಲ ಮದುವಣಗಿತ್ತಿಯರೂ ಒಂದೇ ಬಣ್ಣ, ಹಾಲಿಗೆ ಅರಿಶಿನ ಕದಡಿದ ಹಾಗೆ. ಒಬ್ಬಳ ಮುಖ ತೆಗೆದು ಇನ್ನೊಬ್ಬಳಿಗೆ ಅಂಟಿಸಿದರೂ ಗಂಡಂದಿರಿಗೆ ಗೊತ್ತಾಗುತ್ತಿರಲಿಲ್ಲ. ಕೊನೆಗೆ ನಮ್ಮ ಬೀದಿಯ ತುದಿಯಲ್ಲಿ ಸ್ಟುಡಿಯೋ ಇಟ್ಟುಕೊಂಡವನೇ ಗತಿಯಾದ. ವಾರವಿಡೀ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವುದು, ಮುಹೂರ್ತ ಬಂದರೆ ಮದುವೆ ಹಿಡಿಯುವುದು ಅವನ ಕಸುಬು. ಬಾಯಿ ತೆರೆದರೆ ‘ನ್ಯಾಚುರಲ್’ ಎನ್ನುವುದು ಅವನ ರೋಗ.

ಮದುವೆಗೆ ಮೊದಲೇ ಜೋಡಿಯ ಫೋಟೋ ತೆಗೆಯಬೇಕು, ಅದಕ್ಕೆ ಕವಲೇದುರ್ಗವೇ ಆಗಬೇಕು ಎಂದ. ಕಾವಲಿಗೆ ನಾನೂ ಹೋದೆ. ಕೋಟೆಬಾಗಿಲಿನ ಎದುರು ನನ್ನ ಮಗಳಿಗೆ ಮೂರು ಮೊಳ ಬಾಲವಿದ್ದ ಗೌನು ತೊಡಿಸಿ, ‘ನ್ಯಾಚುರಲ್ಲಾಗಿ ಓಡಿ, ಹಿಂದೆ ತಿರುಗಿ ನ್ಯಾಚುರಲ್ಲಾಗಿ ನಗಿ’ ಎಂದ. ಹುಡುಗ ಹಿಂದೆ ಓಡಬೇಕಂತೆ, ಆದರೆ ಹಿಡಿಯಬಾರದಂತೆ. ಅಷ್ಟರಲ್ಲಿ ಗೌನಿನೊಳಗೆ ಉಂಬಳ ಹತ್ತಿ ಕಾಲಿನ ರಕ್ತ ಹೀರತೊಡಗಿತು. ಮಗಳು ನ್ಯಾಚುರಲ್ಲಾಗಿಯೇ ಕಿರುಚಿಕೊಂಡಳು. ಹುಡುಗ ಅವಳ ಕಾಲು ಹಿಡಿದುಕೊಂಡು ಕೂತು ಉಂಬಳ ಕಿತ್ತ. ಅಷ್ಟೂ ಫೋಟೋಗಳಲ್ಲಿ ಇಬ್ಬರೂ ಮನುಷ್ಯರ ಹಾಗೆ ಕಾಣುವುದು ಅದೊಂದರಲ್ಲೇ.

ಆ ಫೋಟೋಗಳನ್ನು ತೋರಿಸಲು ಅವನು ಮನೆಗೆ ಬಂದ ದಿನ, ಪ್ಯಾಕೇಜಿನ ಜೊತೆಗೆ ಗೋಡೆಗೆ ಹಾಕುವಂಥ ದೊಡ್ಡ ಫೋಟೋ ಒಂದು ಪುಕ್ಕಟೆ ಎಂದ. ಯಾವುದನ್ನು ದೊಡ್ಡದು ಮಾಡಿಸುವುದು ಎಂದು ಮಗಳು ಆರಿಸಲು ಶುರುಮಾಡಿದಳು. ಮೂಲೆಯಲ್ಲಿ ಬಸಳೆ ಸೊಪ್ಪು ಬಿಡಿಸುತ್ತ ಕೂತಿದ್ದ ನನ್ನ ಅಮ್ಮ ತಲೆ ಎತ್ತದೆ ಹೇಳಿದಳು: ‘ಅದು ನಂಗೆ.’

‘ನಿಂಗೆ ಎಂತಕ್ಕೆ?’ ಎಂದೆ.

‘ನಂಗೂ ನಿನ್ನ ಅಪ್ಪಂಗೂ ಒಟ್ಟಿಗೆ ಒಂದು ಫೋಟೋ ಬೇಕು. ಬೀಗರು ಬರೋದ್ರೊಳಗೆ ಗೋಡೆ ಮೇಲೆ ಇರ್ಬೇಕು. ಅವರ ಮನೇಲಿ ಅಜ್ಜ ಅಜ್ಜಿದು ಜೋಡಿ ಫೋಟೋ ಇದ್ಯಂತೆ. ನಮ್ಮ ಹುಡುಗಿಗೂ ಅಜ್ಜ ಅಂತ ಒಬ್ರು ಇದ್ರು ಅಂತ ಅವರಿಗೂ ಗೊತ್ತಾಗ್ಲಿ.’

ಫೋಟೋದವನು ‘ಅಜ್ಜ ಎಲ್ಲಿದ್ದಾರೆ, ಕರೀರಿ, ಈಗ್ಲೇ ತೆಗೀತೀನಿ’ ಎಂದು ಕ್ಯಾಮೆರಾ ಕೈಗೆತ್ತಿಕೊಂಡ. ಅಮ್ಮ ಸೊಪ್ಪಿನ ದಂಟಿನಲ್ಲೇ ಗೋಡೆ ತೋರಿಸಿದಳು. ಅಲ್ಲಿ ಗಂಧದ ಮಾಲೆ ಹಾಕಿಕೊಂಡು, ಗಾಜಿನ ಮೇಲೆ ಕುಂಕುಮದ ಬೊಟ್ಟು ಇಟ್ಟುಕೊಂಡು ಅಪ್ಪ ಇದ್ದರು.

ಅಪ್ಪನ ವಿಷಯ ಹೇಳಿಬಿಡುತ್ತೇನೆ. ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ನಾನು ಶಾಲೆಗೆ ಹೋಗುತ್ತಿದ್ದ ಕಾಲ. ಒಂದು ದಿನ ಬೆಳಿಗ್ಗೆ, ಆನಂದಪುರದಲ್ಲಿ ಯಾರೋ ಹಳೇ ಸೈಕಲ್ ಮಾರುತ್ತಾರಂತೆ, ನೋಡಿಕೊಂಡು ಬರ್ತೀನಿ ಎಂದು ಚಪ್ಪಲಿ ಮೆಟ್ಟಿದರು. ಅಮ್ಮ ದೋಸೆ ಹೊಯ್ಯುತ್ತಿದ್ದಳು, ಹೊರಗೆ ಬರಲಿಲ್ಲ. ಒಳಗಿನಿಂದಲೇ ‘ಹೂಂ’ ಎಂದಳು. ಅಪ್ಪ ಸಂಜೆ ಆನಂದಪುರದಲ್ಲಿ ಸಾಗರದ ಬಸ್ಸಿಗೆ ಕಾಯುತ್ತ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಆಗ ಅವರಿಗೆ ನಲವತ್ತು ದಾಟಿರಲಿಲ್ಲ.

ಅವರಿಬ್ಬರ ಮುಖವೂ ಒಟ್ಟಿಗೆ ಕಾಣುವ ಫೋಟೋ ಇಲ್ಲವೇ ಇಲ್ಲ. ಮದುವೆಯಲ್ಲಿ ತೆಗೆಸಿದ್ದು ಒಂದೇ ಒಂದು. ಅದರಲ್ಲಿ ಅಮ್ಮ ತಲೆ ಬಗ್ಗಿಸಿದ್ದಾಳೆ, ಮುಡಿದ ಹೂವು ಬಹಳ ಚೆನ್ನಾಗಿ ಬಂದಿದೆ. ಅಪ್ಪನ ಮುಖಕ್ಕೆ ಸರಿಯಾಗಿ ಪುರೋಹಿತರ ಕೈ ಅಡ್ಡ ಬಂದಿದೆ. ಪುರೋಹಿತರು ಮಾತ್ರ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಆಮೇಲೆ ಸ್ಟುಡಿಯೋಕ್ಕೆ ಹೋಗೋಣ ಎಂದು ಅಮ್ಮ ಪ್ರತಿ ದೀಪಾವಳಿಗೂ ಹೇಳುತ್ತಿದ್ದಳಂತೆ. ಅಪ್ಪ ‘ಎಲ್ಲಿಗೆ ಓಡಿಹೋಗ್ತೀವಿ, ಮುಂದಿನ ವರ್ಷ ಹೋದ್ರಾಯ್ತು’ ಎನ್ನುತ್ತಿದ್ದರಂತೆ. ಗೋಡೆಯ ಮೇಲಿರುವುದು ಅವರ ಲೈಸೆನ್ಸಿನ ಫೋಟೋ ದೊಡ್ಡದು ಮಾಡಿಸಿದ್ದು. ಆಗಿನ ಸ್ಟುಡಿಯೋದವನು ಗೌರವಕ್ಕಿರಲಿ ಎಂದು ಒಂದು ಕೋಟೂ ಟೈಯೂ ಬರೆದು ಸೇರಿಸಿದ್ದ. ಜನ್ಮದಲ್ಲಿ ಕೋಟು ಹಾಕದ ಅಪ್ಪ, ಸತ್ತ ಮೇಲೆ ಬ್ಯಾಂಕ್ ಮ್ಯಾನೇಜರ್ ಆಗಿಬಿಟ್ಟಿದ್ದರು.

‘ಎಐ ಇದೆ ಅಜ್ಜಿ, ಜಾಯಿಂಟ್ ಮಾಡಿ ಕೊಡ್ತೀನಿ. ಒಟ್ಟಿಗೆ ಕೂತ್ಕೊಂಡೇ ತೆಗೆಸಿದ ಹಾಗೆ, ಫುಲ್ ನ್ಯಾಚುರಲ್’ ಎಂದು ಫೋಟೋದವನು ಮಾತು ಕೊಟ್ಟ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಪಟಪಟ ಹೊಡೆದುಕೊಂಡು, ಅಪ್ಪನನ್ನು ಫೋನಿಗೆ ಹಾಕಿಕೊಂಡು ಹೋದ.

ಎರಡು ದಿನ ಬಿಟ್ಟು ತಂದು ತೋರಿಸಿದ. ಅಯ್ಯೋ ದೇವರೇ! ಎಂಬತ್ತರ ಹತ್ತಿರ ಬಂದ ಅಮ್ಮ, ಪಕ್ಕದಲ್ಲಿ ಕಪ್ಪು ಕೂದಲಿನ, ಕೋಟು ತೊಟ್ಟ ಅಪ್ಪ. ಅಮ್ಮ ಕನ್ನಡಕ ಏರಿಸಿ ನೋಡಿ, ‘ಇದೆಂತದೇ ಇದು? ನಿನ್ನ ಅಪ್ಪನ್ನ ನಾನೇ ಹೆತ್ತ ಹಾಗೆ ಇದೆ. ಬೀಗರು ನೋಡಿದ್ರೆ ಮಗ ಯಾವ ಬ್ಯಾಂಕಲ್ಲಿದ್ದಾನೆ ಅಂತ ಕೇಳ್ತಾರೆ’ ಎಂದಳು.

ಅವನೇನು ಸೋಲುವವನಲ್ಲ. ಮರುದಿನವೇ ಅಮ್ಮನನ್ನು ಹರೆಯದವಳನ್ನಾಗಿ ಮಾಡಿಕೊಂಡು ಬಂದ. ಕೆನ್ನೆ ಗುಳಿ, ತಿದ್ದಿದ ಹುಬ್ಬು, ಸೀರಿಯಲ್ಲಿನ ಸೊಸೆಯ ಹಾಗೆ ಓರೆ ನಗು. ಅಮ್ಮ ಬಹಳ ಹೊತ್ತು ನೋಡಿದಳು. ಮುಖ ಕೆಂಪಾಯಿತು.

‘ಇವಳು ಯಾರು?’

‘ನೀವೇ ಅಜ್ಜಿ.’

‘ನಾನು ಹಿಂಗೆ ಯಾವತ್ತೂ ಇರ್ಲಿಲ್ಲ. ಇವಳ ಪಕ್ಕದಲ್ಲಿ ಇವರು ಎಂತಕ್ಕೆ ಕೂತಿದ್ದು? ಮೊದಲು ಎಬ್ಸು ಅವಳನ್ನ!’

ನನ್ನ ಗಂಡ ನಗು ತಡೆಯಲಾರದೆ ಎದ್ದು ಹೊರಗೆ ಹೋದರು. ಅವರು ಈ ಮನೆಗೆ ಬಂದ ಮನೆ ಅಳಿಯ. ಅಪ್ಪ ಕಟ್ಟಿದ ಮನೆ, ನಾನು ಒಬ್ಬಳೇ ಮಗಳು, ಅಮ್ಮನನ್ನು ಬಿಟ್ಟು ಹೋಗುವುದಿಲ್ಲ ಎಂದು ಹಟ ಹಿಡಿದಿದ್ದೆ. ಬಂದಾಗಿನಿಂದ ಯಾವುದಕ್ಕೂ ‘ನೋಡೋಣ’ ಎನ್ನುವುದನ್ನು ಬಿಟ್ಟರೆ ಅವರಿಂದ ಬೇರೆ ಅಭಿಪ್ರಾಯ ಬಂದದ್ದನ್ನು ನಾನು ಕಂಡಿಲ್ಲ.

ನನಗೆ ತಲೆ ಕೆಟ್ಟಿತ್ತು. ಅಲ್ಲಿಯವರೆಗೆ ಫೋಟೋದವನಿಗೆ ಬಹುವಚನ ಕೊಟ್ಟು ಮಾತಾಡುತ್ತಿದ್ದವಳು ಅವತ್ತು ಬಿಟ್ಟೆ. ‘ನೋಡು ಮಾರಾಯ, ನಿನ್ನ ಎಐ ಗಿಐ ಎಲ್ಲ ಕಟ್ಟಿಡು. ಬೀಗರು ಬರೋದು ಭಾನುವಾರ. ಆಗದಿದ್ರೆ ಆಗಲ್ಲ ಅನ್ನು, ಅಮ್ಮನ ಆಸೆ ಎಬ್ಬಿಸಿ ಆಟ ಆಡಿಸ್ಬೇಡ’ ಎಂದು ಬೈದೆ. ಅವನು ತಲೆ ಕೆರೆದುಕೊಂಡು, ‘ಹಂಗಾದ್ರೆ ಅಕ್ಕ, ಅಜ್ಜಂಗೆ ವಯಸ್ಸು ಮಾಡ್ಲಾ?’ ಎಂದ.

ನಾನು ಬೇಡ ಎನ್ನುವ ಮೊದಲೇ ಅಮ್ಮ ಚಪ್ಪಲಿ ಹಾಕಿಕೊಂಡಾಗಿತ್ತು. ‘ನಾನೂ ಬರ್ತೀನಿ. ನಿಂಗೆ ಬಿಟ್ರೆ ಅವರನ್ನ ಸನ್ಯಾಸಿ ಮಾಡ್ತೀಯ.’

ಸ್ಟುಡಿಯೋದಲ್ಲಿ ಕಂಪ್ಯೂಟರಿನ ಎದುರು ಅವನು, ಅವನ ಹೆಗಲಿಗೆ ಅಂಟಿದ ಹಾಗೆ ಸ್ಟೂಲಿನ ಮೇಲೆ ಅಮ್ಮ, ಹಿಂದೆ ನಾನು. ಅವನು ಏನೋ ಒತ್ತಿದ, ಅಪ್ಪನ ಕೂದಲು ಬೆಳ್ಳಗಾಯಿತು. ‘ಅಷ್ಟು ಕೂದ್ಲು ಎಲ್ಲಿಂದ ಬಂತು? ಅವರ ಮನೇಲಿ ಗಂಡಸರಿಗೆಲ್ಲ ಮುಂದೆ ಬೋಳು. ತೆಗಿ’ ಎಂದಳು ಅಮ್ಮ. ತೆಗೆದ. ‘ಕಿವಿ ಸ್ವಲ್ಪ ದೊಡ್ಡದಾಗ್ಬೇಕು. ಅವರ ಅಪ್ಪಂಗೆ ಹಂಗೇ ಇತ್ತು.’ ಮಾಡಿದ. ‘ಆ ದರಿದ್ರ ಕೋಟು ಬಿಚ್ಚು, ಸೆಕೆ ಆಗಲ್ವಾ ಅವರಿಗೆ?’ ಬಿಳಿ ಅಂಗಿ ಬಂತು. ‘ಕನ್ನಡಕ ಹಾಕು. ಆಗ್ಲೇ ಪೇಪರ್ ದೂರ ಹಿಡ್ದು ಓದ್ತಿದ್ರು, ನಾನು ಡಾಕ್ಟರಿಗೆ ತೋರ್ಸಿ ಅಂತಿದ್ದೆ.’ ಕನ್ನಡಕ ಬಂತು. ‘ಕೆನ್ನೆ ಒಳಗೆ ಹೋಗ್ಬೇಕು. ಎಲೆ ಅಡಿಕೆ ಕವಳ ಹಾಕೋ ಬಾಯಿ, ಇಷ್ಟೊತ್ತಿಗೆ ಹಲ್ಲು ಉಳೀತಿತ್ತಾ?’ ಕೆನ್ನೆ ಒಳಗೆ ಹೋಯಿತು.

ಹೀಗೆ ಅಮ್ಮ ಬೈಯುತ್ತ ಬೈಯುತ್ತ ಅಪ್ಪನನ್ನು ಮುದುಕ ಮಾಡಿದಳು. ನಾನು ನೋಡದ ಅಪ್ಪ, ಅಮ್ಮನೂ ನೋಡದ ಅಪ್ಪ. ನನ್ನ ಬಾಣಂತನದಲ್ಲಿ, ಮಗಳ ನಾಮಕರಣದಲ್ಲಿ ಇರಬೇಕಾಗಿದ್ದವರು ಆ ಪರದೆಯ ಮೇಲೆ ಕನ್ನಡಕ ಹಾಕಿಕೊಂಡು ಕೂತಿದ್ದರು. ನನಗೆ ಅಳು ಬಂತು. ಇಷ್ಟು ಚೆನ್ನಾಗಿ ಮುದುಕನಾಗಬಲ್ಲ ಮನುಷ್ಯ ಹಾಗೆ ಬಿಟ್ಟುಹೋಗಬಹುದಾ ಎಂದು ಸಿಟ್ಟೂ ಬಂತು. ಅಮ್ಮ ಅಳಲಿಲ್ಲ. ಪರದೆಯ ಹತ್ತಿರ ಮುಖ ಒಯ್ದು, ‘ಹೂಂ, ಇವರೇ’ ಎಂದಳು.

ಶನಿವಾರ ಸಂಜೆ ಫ್ರೇಮು ಬಂತು. ಆಗ ಶುರುವಾಯಿತು ನಿಜವಾದ ತಾಪತ್ರಯ. ನನ್ನ ಗಂಡ ರೂಢಿಯ ಮೇಲೆ ಹಳೇ ಫೋಟೋದ ಗಂಧದ ಮಾಲೆ ತೆಗೆದು ಹೊಸದಕ್ಕೆ ಹಾಕಿಬಿಟ್ಟರು. ಮಾಲೆ ಸರಿಯಾಗಿ ಇಬ್ಬರಿಗೂ ಸುತ್ತಿಕೊಂಡಿತು.

‘ನನ್ನನ್ನೂ ಕಳ್ಸಿಬಿಟ್ರಾ?’ ಎಂದು ಅಮ್ಮ ಕೂಗಿದಳು. ಅವರು ಬೆಚ್ಚಿ ಮಾಲೆ ಕಿತ್ತರು. ಸತ್ತವರಿಗೆ ಮಾಲೆ ಹಾಕದಿದ್ದರೆ ಅಗೌರವ, ಬದುಕಿದ್ದವರಿಗೆ ಹಾಕಿದರೆ ಅಪಶಕುನ, ಇಬ್ಬರೂ ಒಂದೇ ಗಾಜಿನೊಳಗಿದ್ದರೆ ಏನು ಮಾಡಬೇಕೆಂದು ಯಾವ ಪುರೋಹಿತರೂ ಹೇಳಿಕೊಟ್ಟಿಲ್ಲ. ನಾನು ಮಾಲೆಯನ್ನು ಮಡಚಿ ಅಪ್ಪನ ಅರ್ಧಕ್ಕೆ ಮಾತ್ರ ಬರುವ ಹಾಗೆ ಟೇಪು ಅಂಟಿಸಿದೆ. ಅಪ್ಪ ಚುನಾವಣೆಯಲ್ಲಿ ಗೆದ್ದು, ಅಮ್ಮ ಸೋತ ಹಾಗೆ ಕಂಡಿತು. ಮಗಳು, ಬೊಟ್ಟು ಮಾತ್ರ ಇಟ್ಟರೆ ಸಾಕು ಎಂದಳು. ಗಂಡ ‘ನೋಡೋಣ’ ಎಂದರು.

‘ಎಂತದೂ ನೋಡೋದು ಬೇಡ’ ಎಂದಳು ಅಮ್ಮ. ‘ಮಾಲೆ ಒಳಗಿಡಿ. ಬೊಟ್ಟೂ ಬೇಡ. ಆ ಗೋಡೆಗೂ ಬೇಡ.’

ಆ ಗೋಡೆ ಎಂದರೆ ಸತ್ತವರ ಗೋಡೆ. ಅಜ್ಜ, ಅಜ್ಜಿ, ದೊಡ್ಡಪ್ಪ ಎಲ್ಲ ಅಲ್ಲಿ ಸಾಲಾಗಿದ್ದಾರೆ. ಅಮ್ಮ ಈ ಕಡೆಯ ಗೋಡೆಯಲ್ಲಿ, ಟಿವಿಯ ಪಕ್ಕ, ಕ್ಯಾಲೆಂಡರ್ ತೆಗೆಸಿ ಮೊಳೆ ಹೊಡೆಸಿದಳು. ಹಳೇ ಕೋಟಿನ ಫೋಟೋ ಬಟ್ಟೆ ಸುತ್ತಿಕೊಂಡು ಕಪಾಟಿಗೆ ಹೋಯಿತು.

ಭಾನುವಾರ ಬೀಗರು ಬಂದರು. ಹುಡುಗನ ಅಪ್ಪ-ಅಮ್ಮಂದಿರಿಗೆ ನಮ್ಮ ಮನೆಯ ವಿಷಯ ಎಲ್ಲ ಗೊತ್ತು, ಅವರು ಮಗಳ ಜೊತೆ ಹಿತ್ತಲ ಕಡೆ ಹೋಗಿದ್ದರು. ಅವರೊಟ್ಟಿಗೆ ಹುಡುಗನ ಸೋದರತ್ತೆ ಬಂದಿದ್ದರು, ಕವಲೇದುರ್ಗದ ಕೆಳಗಿನ ಹಳ್ಳಿಯವರು, ಅಮ್ಮನದೇ ವಯಸ್ಸು, ನಮ್ಮ ಮನೆಗೆ ಮೊದಲ ಸಲ. ಮಂಡಿನೋವೆಂದು ಅಮ್ಮನ ಪಕ್ಕದಲ್ಲೇ ಕೂತರು. ನಾನು ಕಾಫಿ ತಂದೆ. ಆ ಅತ್ತೆ ಗೋಡೆಯ ಫೋಟೋ ನೋಡಿದರು, ಅಮ್ಮನ ಹಣೆ ನೋಡಿದರು. ಅಮ್ಮ ಕುಂಕುಮ ಬಿಟ್ಟವಳಲ್ಲ. ಅಪ್ಪ ಹೋದಾಗ ಹೆಂಗಸರು ಅಳಿಸಲು ಬಂದರೆ, ‘ಇದು ನಾನು ಹುಟ್ಟಿದಾಗಿಂದ ಇಟ್ಟಿದ್ದು, ಅವರು ತಂದುಕೊಟ್ಟಿದ್ದಲ್ಲ’ ಎಂದು ಕೈ ಕೊಡವಿದವಳು.

‘ಜೋಡಿ ಚೆನ್ನಾಗಿ ಬಂದಿದೆ’ ಎಂದರು ಅತ್ತೆ. ‘ಯಜಮಾನ್ರು ಎಲ್ಲಿ? ಬಂದಾಗಿಂದ ಕಾಣ್ಲೇ ಇಲ್ಲ.’

ನಾನು ಬಾಯಿ ತೆರೆದೆ. ಅಮ್ಮ ಕಾಫಿ ಲೋಟ ಕೈಗೆ ತೆಗೆದುಕೊಂಡು ಬಹಳ ಸಹಜವಾಗಿ ಹೇಳಿದಳು: ‘ಆನಂದಪುರಕ್ಕೆ ಹೋಗಿದ್ದಾರೆ.’

ಗಂಡನ ಮುಖ ನೋಡಿದೆ, ಏನಾದರೂ ಮಾಡಿ ಎಂದು. ನೋಡೋಣ ಎನ್ನುವ ಆ ಮನುಷ್ಯ ಒಂದು ಕ್ಷಣ ಗೋಡೆ ನೋಡಿ ಅತ್ತೆಗೆ ಹೇಳಿದರು: ‘ಈ ಹೊತ್ತಲ್ಲಿ ಆ ಕಡೆಯಿಂದ ಬಸ್ಸು ಕಡಿಮೆ.’

‘ಹೌದು ಹೌದು, ನಮ್ಮ ಕಡೆನೂ ಹಂಗೇ’ ಎಂದರು ಅತ್ತೆ. ‘ನಾವು ಹೊರಡೋದ್ರೊಳಗೆ ಬರ್ತಾರೋ ಇಲ್ವೋ?’

ಅಮ್ಮ ಒಂದು ಗುಟುಕು ಕಾಫಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

‘ಬರ್ತೀನಿ ಅಂತ ಹೇಳಿ ಹೋಗಿದ್ದಾರೆ’ ಎಂದಳು.