ಆ ಹಡಗಿನಲ್ಲಿ ಮನುಷ್ಯನಿದ್ದ

ಕಾಕಾ ಅವರ ಹುಬ್ಬಿನ ಮೇಲೆ ಸದಾ ಅರಳೆಯ ಎಳೆ ಅಂಟಿಕೊಂಡಿರುತ್ತಿತ್ತು. ಮಗ್ಗಕ್ಕೆ ಯಾವ ಬಣ್ಣದ ನೂಲು ಏರಿದೆಯೆಂದು ಅವರ ಮುಖ ನೋಡಿದರೆ ಸಾಕು, ತಿಳಿಯುತ್ತಿತ್ತು. ಒಂದು ವಾರ ಕೆಂಪು ಹುಬ್ಬು, ಇನ್ನೊಂದು ವಾರ ಹಸಿರು. ಮದುವೆ ಮನೆಗೂ ಹಾಗೆಯೇ ಬರುತ್ತಿದ್ದರು. ಕಾಕಿ ಸೆರಗಿನಿಂದ ಒರೆಸಲು ಹೋದರೆ ತಲೆ ಹಿಂದಕ್ಕೆ ತೆಗೆದುಕೊಂಡು, "ಇರಲಿ ಬಿಡ, ಊರಾಗ ಎಲ್ಲಾರಿಗೂ ಗೊತ್ತೈತಿ ನಾ ಯಾರಂತ" ಅನ್ನುತ್ತಿದ್ದರು.

ಅವರು ನನಗೆ ಸಂಬಂಧಿಕರಲ್ಲ. ಬನಹಟ್ಟಿಯಲ್ಲಿ ನಮ್ಮ ಗೋಡೆಗೆ ಅವರ ಗೋಡೆ. ಪವರ್‌ಲೂಮ್ ಶೆಡ್ಡಿನ ಸದ್ದು ಅವರ ಕಿವಿಗಳನ್ನು ವರ್ಷಾನುಗಟ್ಟಲೆ ತಿಂದು ಮುಗಿಸಿತ್ತು. ಶೆಡ್ಡಿನೊಳಗೆ ಅದು ಕೊರತೆಯೇ ಅಲ್ಲ. ಅಲ್ಲಿ ಯಾರಿಗೂ ಯಾರ ಮಾತೂ ಕೇಳುವುದಿಲ್ಲ. ಕೈಸನ್ನೆಯಲ್ಲಿ, ತುಟಿಯಾಟದಲ್ಲಿಯೇ ಚಹಾ ತರಿಸುತ್ತಾರೆ, ಜಗಳ ಕಾಯುತ್ತಾರೆ, ಚೇಷ್ಟೆ ಮಾಡುತ್ತಾರೆ. ಆ ಭಾಷೆಯಲ್ಲಿ ಕಾಕಾ ಮಹಾ ವಾಚಾಳಿ. ದಮ್ಮು ಹತ್ತಿ, ಡಾಕ್ಟರು ಇನ್ನು ಶೆಡ್ಡಿಗೆ ಕಾಲಿಡಬೇಡಿ ಎಂದಾಗ ಕೆಲಸ ಹೋದದ್ದಕ್ಕಿಂತ ಮಾತು ಹೋದದ್ದು ಅವರಿಗೆ ದೊಡ್ಡ ಹೊಡೆತವಾಯಿತು. ಮನೆಯ ಕಟ್ಟೆಯ ಮೇಲೆ ಕೂತರೆ, ಹೋಗಿಬರುವವರು ಕಿವಿಯ ಹತ್ತಿರ ಒಂದೆರಡು ಸಲ ಕೂಗಿ, ಬೇಸತ್ತು, ಕೈ ಬೀಸಿ ಹೊರಟುಬಿಡುತ್ತಿದ್ದರು.

ನೋಡಲಾಗದೆ ನನ್ನ ಹಳೆಯ ಫೋನಿಗೆ ಹಡಗಿನ ಯುದ್ಧದ ಆಟವೊಂದನ್ನು ಹಾಕಿಕೊಟ್ಟೆ. ಕಡಲಿನಲ್ಲಿ ಎರಡು ತಂಡ. ತೋಪು ಹಾರಿಸಿ ಎದುರಿನವರ ಹಡಗು ಮುಳುಗಿಸಬೇಕು. ಯಾವ್ಯಾವುದೋ ದೇಶದವರು ತಮ್ಮ ತಮ್ಮ ಮನೆಯಲ್ಲಿ ಕೂತು ಆಡುತ್ತಿರುತ್ತಾರೆ. ಜನ ಕಡಿಮೆ ಬಿದ್ದರೆ ಖಾಲಿ ಜಾಗಕ್ಕೆ ಕಂಪ್ಯೂಟರೇ ಹಡಗು ಇಳಿಸಿ ನಡೆಸುತ್ತದೆ. ಅಂಥದಕ್ಕೆ ಬಾಟ್ ಅನ್ನುತ್ತಾರೆ. ಬರೀ ಬಾಟ್‌ಗಳ ಜೊತೆಗೂ ಆಡಬಹುದು. ಹೊಸಬರಿಗೆ ಅದೇ ಸುಲಭವೆಂದು ನಾನು ಮೊದಲು ಅದನ್ನೇ ತೋರಿಸಿದೆ. ಸ್ವಲ್ಪ ದಿನ ಆಡಿ ಫೋನು ವಾಪಸು ತಂದರು.

"ಇದರಾಗ ಮಂದೀನ ಇಲ್ಲಲ್ಲೋ ತಮ್ಮಾ. ನಾ ಗೆದ್ರ ಯಾರ ಹೊಟ್ಟಿ ಉರೀಬೇಕು?"

ಮಂದಿ ಇರುವ ಕಡಲಿಗೆ ಬಿಟ್ಟೆ. ಅಲ್ಲಿಂದ ಮುಖಕ್ಕೆ ಕಳೆ ಬಂತು. ಗುಂಡು ಬಿದ್ದೊಡನೆ ದಿಕ್ಕೆಟ್ಟು ಓಡುವವನು, ಸಿಟ್ಟಿಗೆದ್ದು ತಿರುಗಿ ಮೈಮೇಲೆ ಬರುವವನು, ದ್ವೀಪದ ಮರೆಯಲ್ಲಿ ಹೆದರಿ ನಿಂತವನು, ಹೀಗೆ ಒಬ್ಬೊಬ್ಬರ ಸ್ವಭಾವವನ್ನೂ ಪಕ್ಕದ ಓಣಿಯವರ ಸುದ್ದಿ ಹೇಳಿದಂತೆ ಕಾಕಿಗೆ ಹೇಳುತ್ತಿದ್ದರು. "ಇಲ್ಲಿ ಯಾರಿಗೂ ಕಿವಿ ಬೇಕಾಗಿಲ್ಲ ನೋಡ," ಎಂದು ಒಮ್ಮೆ ನನಗೆ ಹೇಳಿದರು. ಶೆಡ್ಡು ಬಿಟ್ಟ ಮೇಲೆ ಅವರು ಅಷ್ಟು ಸಂತೋಷದಿಂದ ಮಾತಾಡಿದ್ದು ಅದೇ ಮೊದಲು.

ಒಂದು ಸಂಜೆ ಫೋನು ಹಿಡಿದುಕೊಂಡು ಬಂದರು. ಪರದೆಯ ಮೂಲೆಯಲ್ಲಿ ಅವರದೇ ತಂಡದವರು ಇಂಗ್ಲಿಷಿನಲ್ಲಿ ಏನೋ ಬರೆದಿದ್ದರು. ಕಾಕಾ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

"ಏನಂತಾರ?"

ಅವರ ಎದುರು ನಿಂತು, ತುಟಿ ಬಿಡಿಸಿ ಹೇಳಿದೆ: "ನೀವು ಮನಷ್ಯಾ ಅಲ್ಲಂತ್ರಿ, ಬಾಟ್ ಅಂತ. ಏನ ಕೇಳಿದ್ರೂ ಉತ್ತರಾ ಕೊಡೂದಿಲ್ಲಲ್ಲ, ಅದಕ್ಕ."

ನಕ್ಕರು. ಸ್ವಲ್ಪ ಹೊತ್ತಿಗೆ ಆ ನಗು ನಿಂತಿತು. ಒಂದು ಮಾತನ್ನಾದರೂ ಬರೆಯಲು ಕಲಿಸು ಎಂದರು. ಕನ್ನಡದಲ್ಲಿ ಬರೆದರೆ ಆ ಆಟದಲ್ಲಿ ಅಕ್ಷರಕ್ಕೊಂದು ಖಾಲಿ ಚೌಕ ಮೂಡುತ್ತಿತ್ತು. ಕಡೆಗೆ ಇಂಗ್ಲಿಷ್ ಅಕ್ಷರಗಳಲ್ಲಿ 'ನಮಸ್ಕಾರ' ಎಂದು ಒತ್ತುವುದನ್ನು ಕಲಿತರು. ಪ್ರತಿ ಆಟದ ಮೊದಲಿಗೆ, ಹಡಗು ಹೊರಡುವ ಮುಂಚೆ, ತಪ್ಪದೆ ನಮಸ್ಕಾರ. ಯಾರೂ ತಿರುಗಿ ಅನ್ನುತ್ತಿರಲಿಲ್ಲ. ಬಿಡಿ ಕಾಕಾ ಎಂದರೆ, "ಮಂದಿ ಕಂಡಮ್ಯಾಲ ಅನಬೇಕಲ್ಲೋ" ಎನ್ನುತ್ತಿದ್ದರು.

ನನಗನಿಸುವಂತೆ ಆ ನಮಸ್ಕಾರವೇ ಮುಳುವಾಯಿತು. ದಿನಾ ಅದೇ ವೇಳೆಗೆ ಬರುವ, ಅದೊಂದೇ ಮಾತು ಹೇಳುವ, ಲಾಳಿ ಓಡಿದಷ್ಟು ಸಮನಾಗಿ ಗುಂಡು ಹಾರಿಸುವ ಆಟಗಾರನನ್ನು ಆಟದ ಕಂಪನಿಯ ಕಂಪ್ಯೂಟರು ಗುರುತು ಮಾಡಿಕೊಂಡಿರಬೇಕು. ಒಂದು ದಿನ ಫೋನು ತೆರೆದರೆ ಹಡಗೇ ಇಲ್ಲ. ಈ ಖಾತೆಯನ್ನು ಮನುಷ್ಯ ಆಡಿಸುತ್ತಿಲ್ಲವೆಂದು ಕಂಡುಬಂದದ್ದರಿಂದ ಮುಚ್ಚಲಾಗಿದೆ ಎಂಬ ಒಕ್ಕಣೆ ಮಾತ್ರ ಇತ್ತು. ಬೇರೆ ಹೆಸರಿನಲ್ಲಿ ಹೊಸದೊಂದು ತೆಗೆದುಕೊಡುತ್ತೇನೆ ಎಂದೆ. ಕಾಕಾ ಒಪ್ಪಲಿಲ್ಲ.

"ತಪ್ಪ ಮಾಡಿದಾಂವ ಹೆಸರ ಬದಲಿ ಮಾಡ್ತಾನ. ನಾ ಏನ ಮಾಡೇನಿ? ನೀ ಅರ್ಜಿ ಬರಿ."

ಜಮಖಂಡಿ ಕೋರ್ಟಿನ ಎದುರು ಅರ್ಜಿ ಟೈಪು ಮಾಡುವುದೇ ನನ್ನ ಹೊಟ್ಟೆಪಾಡು. ಇಂಥವನು ಇಂಥವನ ವಾರಸುದಾರನೆಂದು ಬರೆದಿದ್ದೇನೆ, ಕಾಗದದಲ್ಲಿ ಸತ್ತವನು ಬದುಕಿದ್ದಾನೆಂದೂ ಬರೆದಿದ್ದೇನೆ. ಮನುಷ್ಯನೊಬ್ಬ ಮನುಷ್ಯನೇ ಎಂದು ಬರೆದದ್ದು ಅದೊಂದೇ ಸಲ. ಏನು ಬರೆಯಲಿ ಎಂದು ಕೇಳಿದ್ದಕ್ಕೆ ಕಾಕಾ ಬೆರಳು ಮಡಚುತ್ತ ಹೇಳತೊಡಗಿದರು.

"ಬನಹಟ್ಟಿಯಾಂವ ಅಂತ ಬರಿ. ಸೀರಿ ನೇಯತಿದ್ದ ಅಂತ ಬರಿ. ಇಬ್ರು ಹೆಣ್ಣಮಕ್ಕಳು, ಒಬ್ಬಾಕಿನ್ನ ತೇರದಾಳಕ್ಕ ಕೊಟ್ಟೇನಿ. ಕಿವಿ ಕೇಳೂದಿಲ್ಲ, ಮಾತಾಡಲಿಲ್ಲಂತ ಯಾರೂ ತಪ್ಪ ತಿಳ್ಕೋಬ್ಯಾಡ್ರಿ ಅಂತ ಬರಿ."

ಒಂದನ್ನೂ ಬಿಡದೆ ಬರೆದೆ. ಕಳಿಸಿದ ಮರುಗಳಿಗೆಯೇ ಉತ್ತರ ಬಂತು: ನಿಮ್ಮ ಮನವಿ ಪರಿಶೀಲನೆಯಲ್ಲಿದೆ. ಅದನ್ನು ಬರೆದದ್ದೂ ಕಂಪ್ಯೂಟರೇ ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ನಾನು ಬಸ್ಸಿಳಿದು ಮನೆಗೆ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕಾಯುತ್ತ ಕೂತಿರುತ್ತಿದ್ದರು. ನನ್ನನ್ನು ಕಂಡೊಡನೆ ಅಂಗೈ ಮೇಲಕ್ಕೆ ತಿರುಗಿಸುತ್ತಿದ್ದರು. ಉತ್ತರ ಬಂತೇ ಎಂದು ಅರ್ಥ. ನಾನು ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದೆ. ಬರಬರುತ್ತ ಬೇರೆ ದಾರಿಯಿಂದ ಮನೆ ಸೇರೋಣವೇ ಅನ್ನಿಸುತ್ತಿತ್ತು.

ಥಂಡಿಯ ದಿನಗಳಲ್ಲಿ ದಮ್ಮು ಜೋರಾಯಿತು. ಜಮಖಂಡಿಯ ಆಸ್ಪತ್ರೆಗೆ ಸೇರಿಸಿದೆವು. ನರ್ಸು ಹೆಸರು ಹಿಡಿದು ಕೂಗಿದಳು. ಅಲುಗಲಿಲ್ಲವೆಂದು, "ಇವರಿಗೆ ಎಚ್ಚರ ಇಲ್ರಿ" ಎಂದಳು. ಕಾಕಿ ಭುಜ ಮುಟ್ಟಿದ ಮೇಲೆ ಕಣ್ಣು ತೆರೆದರು. ನನ್ನ ಕಡೆ ನೋಡಿ ಅಂಗೈ ತಿರುಗಿಸಲು ಹೋದರು, ಸಲೈನಿನ ನಳಿಕೆ ಅಡ್ಡ ಬಂತು.

"ಬರತೈತ್ರಿ ಕಾಕಾ," ಎಂದೆ.

ಮರುದಿನ ಹೋಗಿಬಿಟ್ಟರು. ಮಣ್ಣಿಗೆ ಶೆಡ್ಡಿನವರೆಲ್ಲ ಬಂದಿದ್ದರು. ಓಣಿಯ ಮಗ್ಗಗಳು ನಿಂತಿದ್ದವು. ನನಗೆ ಅಳು ತಡೆಯಲಾಗಲಿಲ್ಲ.

ಎಷ್ಟೋ ದಿನದ ಮೇಲೆ ಕಂಪನಿಯಿಂದ ಉತ್ತರ ಬಂತು. ಕೆಳಗೆ ಒಬ್ಬರ ಹೆಸರಿತ್ತು, ಕಾಕಾ ಅವರ ಕಿವಿಯ ವಿಷಯಕ್ಕೆ ಮರುಗಿ ಒಂದು ಸಾಲಿತ್ತು. ಈ ಸಲ ಯಾರೋ ಮನುಷ್ಯರೇ ಓದಿದ್ದರು. ಖಾತೆಯವರು ಮನುಷ್ಯರೆಂದು ಖಚಿತವಾಗಿದೆ, ತಪ್ಪಾಯಿತು, ಹಡಗು ಹಿಂತಿರುಗಿಸಿದ್ದೇವೆ ಎಂದು ಬರೆದಿದ್ದರು. ಹೋಗಿ ಕಾಕಿಗೆ ಹೇಳಿದೆ. ಜೋಳ ಹಸನು ಮಾಡುತ್ತಿದ್ದವರು ಮೊರ ಕೆಳಗಿಟ್ಟರು.

"ಏನಂತ ಬರದಾರ, ಇನ್ನೊಮ್ಮೆ ಹೇಳ."

"ಕಾಕಾ ಮನಷ್ಯಾನ ಅಂತ ಒಪ್ಕೊಂಡಾರ್ರಿ."

ಕಾಕಿ ಮೊರವನ್ನು ಮತ್ತೆ ಮಡಿಲಿಗೆಳೆದುಕೊಂಡರು.

"ನನ್ನ ಕೇಳಿದ್ರ ನಾ ಹೇಳ್ತಿದ್ನೆಲ್ಲೋ ಯಪ್ಪಾ," ಎಂದರು. "ಅವರು ಇದ್ದಾಗನ ಹೇಳ್ತಿದ್ನಿ."