ಕೂಡ್ರದೇ ಹೋದವನು

‘ಮರಣೋತ್ತರ ಪರೀಕ್ಷೆಯ ನಂತರ ಮೃತದೇಹವನ್ನು ವಾರಸುದಾರರಿಗೆ ಒಪ್ಪಿಸಲಾಯಿತು.’

ವಿಜಯಪುರದ ಪತ್ರಿಕಾ ಕಚೇರಿಯಲ್ಲಿ ಕೂತು ಈ ವಾಕ್ಯವನ್ನು ಎಷ್ಟು ಸಲ ಬರೆದಿದ್ದೇನೋ ನೆನಪಿಲ್ಲ. ಅಪಘಾತದ ಸುದ್ದಿ ಇಲ್ಲಿಗೆ ಮುಗಿಯುತ್ತದೆ. ದೊಡ್ಡ ಮನುಷ್ಯರು ಸತ್ತರೆ ಪಾರ್ಥಿವ ಶರೀರ, ಹೆಸರು ಊರು ಗೊತ್ತಿದ್ದವರಾದರೆ ಮೃತದೇಹ, ಗೊತ್ತಿಲ್ಲದಿದ್ದರೆ ಶವ. ಇದನ್ನು ನಮಗೆ ಯಾರೂ ಕಲಿಸಿಲ್ಲ, ಆದರೆ ಯಾರೂ ತಪ್ಪುವುದಿಲ್ಲ. ಒಪ್ಪಿಸಿದ ಮೇಲೆ ಆ ದೇಹ ಯಾವ ಮನೆಗೆ ಹೋಯಿತು, ಅಲ್ಲಿ ಏನಾಯಿತು ಎಂದು ಕೇಳುವುದು ವರದಿಗಾರನ ಕೆಲಸವಲ್ಲ. ಒಮ್ಮೆ ಆ ವಾರಸುದಾರರಲ್ಲಿ ನಾನೂ ಒಬ್ಬನಾಗಿದ್ದೆ. ಹಾಗಾಗಿ ಉಳಿದದ್ದು ಗೊತ್ತಾಯಿತು.

ಸತ್ತವನು ನನ್ನ ಅಕ್ಕನ ಗಂಡ. ಮಾಮಾ ಅನ್ನುತ್ತಿದ್ದೆವು. ಮನೆ ಬಬಲೇಶ್ವರದಲ್ಲಿ, ಅಂಗಡಿ ತಿಕೋಟಾದಲ್ಲಿ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಅವನ ಉದ್ಯೋಗ. ಕನಮಡಿ, ಕಳ್ಳಕವಟಗಿಯ ರೈತರೂ ಅವನಲ್ಲಿಗೇ ಮೋಟರು ಹೊತ್ತು ತರುತ್ತಿದ್ದರು. ದಿನವಿಡೀ ಕೂತೇ ಮಾಡುವ ಕೆಲಸ. ಉಗುರಿನ ಸಂದಿಯಲ್ಲಿ ವಾರ್ನಿಶ್, ಬೆರಳ ತುಂಬ ತಾಮ್ರದ ತಂತಿ ಕೊಯ್ದ ಗೆರೆಗಳು. ಮನೆಗೆ ಬಂದರೆ ಮಾತ್ರ ಅವನು ಕೂಡ್ರುತ್ತಿರಲಿಲ್ಲ. ಚಹಾ ಕುಡಿಯುವುದೂ ಹೊಸ್ತಿಲಲ್ಲಿ ನಿಂತೇ.

‘ಆ ಸುಟ್ಟ ಮೋಟರಿನ ಮುಂದ ದಿನಾ ಪೂರ್ತಿ ಕುಂಡ್ರತಿ. ನನ್ನ ಮುಂದ ಒಂದ ಕಪ್ ಚಾ ಕುಡಿಯೂತನಕ ಕುಂಡ್ರಾಕ ಆಗೂದಿಲ್ಲ ನಿನಗ’ ಎಂದು ಅಕ್ಕ ಬೈಯುತ್ತಿದ್ದಳು.

‘ಮೋಟರ್ ನಿನ್ನಂಗ ಬಾಯಿ ಮಾಡೂದಿಲ್ಲ ಬೇ’ ಎಂದು ಅವನು ಲೋಟ ಇಟ್ಟು ಹೊರಟುಬಿಡುತ್ತಿದ್ದ.

ಒಂದು ಮಧ್ಯಾಹ್ನ ತಾಮ್ರದ ತಂತಿ ತರಲು ವಿಜಯಪುರಕ್ಕೆ ಬಂದವನಿಗೆ ಸೊಲ್ಲಾಪುರ ರಸ್ತೆಯಲ್ಲಿ ಸರಕಿನ ಗಾಡಿಯೊಂದು ಬಡಿಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ನನಗೆ ಫೋನ್ ಮಾಡಿದವನು ಅಂಗಡಿಯಲ್ಲಿ ಅವನ ಜೊತೆ ಪಾಲಿದ್ದ ತಿಕೋಟಾದ ಮುಸ್ಲಿಂ ಗೆಳೆಯ. ನಾನು ಹೋಗಿ ಅಕ್ಕನಿಗೆ ತಿಳಿಸಿದಾಗ ಅವಳು ಅಳುವುದಕ್ಕೂ ಮೊದಲು ಕೇಳಿದ್ದು ಒಂದೇ ಮಾತು: ‘ಯಾವಾಗ ತರ್ತೀರಿ? ಕುಂಡ್ರಸಬೇಕು ಅವನ್ನ.’

ನಮ್ಮ ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಉಸಿರು ನಿಂತೊಡನೆ, ಕೈಕಾಲು ಸೆಟೆಯುವ ಮೊದಲೇ ಸ್ನಾನ ಮಾಡಿಸಿ, ಗೋಡೆಗೆ ಹಲಗೆ ನಿಲ್ಲಿಸಿ, ಪದ್ಮಾಸನ ಹಾಕಿಸಿ ಕೂಡ್ರಿಸುತ್ತಾರೆ. ತಲೆ ವಾಲದಂತೆ ಹಣೆಗೊಂದು ಬಟ್ಟೆ ಕಟ್ಟುತ್ತಾರೆ. ವಿಭೂತಿ, ಹೂವು, ಎಡಗೈಯಲ್ಲಿ ಇಷ್ಟಲಿಂಗ. ಊರೊಳಗೆ ಮೆರವಣಿಗೆ ಹೋಗುವಾಗಲೂ ಅವರು ಕೂತೇ ಇರುತ್ತಾರೆ, ಹೂಳುವ ಕುಣಿಯೊಳಗೂ ಕೂತೇ. ಹಾಗೆ ಕೂತಿರುವಷ್ಟು ಹೊತ್ತು ಅವರು ಆ ಮನೆಯ ಮನುಷ್ಯರೇ. ಬಂದವರು ಕಾಕಾ, ಅಣ್ಣಾ ಎಂದು ಕರೆದು ಮಾತಾಡಿಸುತ್ತಾರೆ. ಹೆಂಡತಿ ಎದುರಿಗೆ ಕೂತು ಮುಖಕ್ಕೆ ಮುಖ ಕೊಟ್ಟು ಅಳುತ್ತಾಳೆ, ಬೈಯುತ್ತಾಳೆ, ಮದುವೆಯಾದಾಗಿನಿಂದ ನುಂಗಿದ್ದನ್ನೆಲ್ಲ ಹೊರಗೆ ಹಾಕುತ್ತಾಳೆ. ಯಾರೂ ಅಡ್ಡ ಬಾಯಿ ಹಾಕುವುದಿಲ್ಲ. ಅಕ್ಕನಿಗೆ ಬೇಕಿದ್ದದ್ದು ಆ ಹೊತ್ತು. ಬದುಕಿದ್ದಾಗ ಎದುರು ಕೂಡ್ರದವನು ಅದೊಂದು ಸಲವಾದರೂ ಕೂಡ್ರಬೇಕಿತ್ತು.

ಆದರೆ ಗಾಡಿ ಬಡಿದ ಜಾಗ ಯಾವ ಠಾಣೆಯ ಹದ್ದಿಗೆ ಬರುತ್ತದೆ ಎಂಬುದು ತೀರ್ಮಾನವಾಗಲಿಲ್ಲ. ಇವರು ಅವರತ್ತ ತೋರಿಸಿದರು, ಅವರು ಇವರತ್ತ. ಪಂಚನಾಮೆಯಾಗದೆ ವೈದ್ಯರು ಮುಟ್ಟುವಂತಿಲ್ಲ. ಸುದ್ದಿಗಾಗಿ ದಿನಾ ಯಾರಿಗೆ ಫೋನ್ ಮಾಡುತ್ತೇನೋ ಅವರಿಗೆಲ್ಲ ಮಾಡಿದೆ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು.

‘ಹೊತ್ತ ಮುಣಗೇದ್ರಿ ಸರ, ಇವತ್ತ ಆಗೂದಿಲ್ಲ. ನಾಳೆ ಮುಂಜಾನೆ ಮೊದಲ ನಿಮ್ದ ಮಾಡಿಸಿ ಕೊಡ್ತೇವಿ.’

ಗಿರಣಿಯಲ್ಲಿ ಹಿಟ್ಟಿಗೆ ಪಾಳಿ ಹಚ್ಚಿದವರಿಗೆ ಹೇಳುವ ಹಾಗೆ ಹೇಳಿದರು.

ಬಬಲೇಶ್ವರದ ಮನೆಯಲ್ಲಿ ಆಗಲೇ ಗೋಡೆಗೆ ಹಲಗೆ ನಿಂತಿತ್ತು. ಮಾಮಾನ ಸೋದರತ್ತೆ, ಬಾಯಿ ಬಿಗಿ ಇಲ್ಲದ ಮುದುಕಿ, ಬಂದ ಹೆಂಗಸರಿಗೆಲ್ಲ ಅದನ್ನು ತೋರಿಸುತ್ತಿದ್ದಳು. ‘ಕಾಲಿಗೆ ಗಾಲಿ ಕಟ್ಟಿಕೊಂಡಿದ್ದ ಮೂಳ. ಹೆಂಡ್ತಿ ಮುಂದ ಇವತ್ತರ ಕುಂಡ್ರತಾನ ಬಿಡ್ರೆವಾ.’ ಒಂದಿಬ್ಬರು ನಕ್ಕರು. ನಾಳೆ ತರುತ್ತೇವೆ ಎಂದು ನಾನು ಹೇಳಿದಾಗ ಅಕ್ಕ ಹಲಗೆಯನ್ನೇ ನೋಡುತ್ತ ಕೇಳಿದಳು: ‘ನಾಳೆ ಅಂದ್ರ ಕುಂಡ್ರತಾನೇನೋ ತಮ್ಮಾ?’ ಶವಾಗಾರಕ್ಕೆ ನಾನು ಎಷ್ಟೋ ಸಲ ಹೋಗಿದ್ದೇನೆ. ಉತ್ತರ ಗೊತ್ತಿತ್ತು.

ಮರುದಿನ ಬಿಸಿಲೇರಿದ ಮೇಲೆ ಆಂಬುಲೆನ್ಸ್ ಬಂತು. ಬಿಳಿ ಬಟ್ಟೆಯಲ್ಲಿ ಸುತ್ತಿ, ಪಟ್ಟಿಯಿಂದ ಬಿಗಿದು, ನೇರವಾಗಿ ಮಲಗಿಸಿ ಕೊಟ್ಟಿದ್ದರು. ಇಳಿಸುವಾಗ ಹೆಗಲ ಕಡೆ ಎತ್ತಿದರೆ ಕಾಲೂ ಎದ್ದವು. ಹಿಡಿದವರೆಲ್ಲರಿಗೂ ಅರ್ಥವಾಯಿತು.

ಒಳಗಿನ ಕೋಣೆಗೆ ಒಯ್ದು ಹೆಂಗಸರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಮಾಮಾನ ಹಿರಿಯಣ್ಣ ಬಿಸಿನೀರು, ಎಣ್ಣೆ ತರಿಸಿದ. ಮಂಡಿಗೆ ತಿಕ್ಕಿದರು. ಒಬ್ಬ ತೊಡೆ ಒತ್ತಿ ಹಿಡಿದ, ಇನ್ನೊಬ್ಬ ಹಿಮ್ಮಡಿ ಎಳೆದ. ಹಿಂದಿನ ದಿನದಿಂದ ಶವಾಗಾರದ ಬಾಗಿಲು ಬಿಟ್ಟು ಕದಲದಿದ್ದ ಪಾಲಿನ ಗೆಳೆಯ ಮೂಲೆಯಲ್ಲಿ ನಿಂತಿದ್ದ.

‘ಅಣ್ಣಾರ, ಜೋರ ಮಾಡಬ್ಯಾಡ್ರಿ’ ಎಂದ. ‘ಸತ್ತಾರಿಗೂ ನೋವಾಗ್ತದ ಅಂತಾರ ನಮ್ಮ ಮನ್ಯಾಗ. ಹಂಗ ಮಲಗಿಸಿಬಿಡ್ರಿ.’

‘ಮಲಗಸೂದು ನಿಮ್ಮಲ್ಲಿ’ ಎಂದ ಹಿರಿಯಣ್ಣ, ತಲೆ ಎತ್ತದೆ. ‘ನಮಗ ಹೇಳಾಕ ಬರಬ್ಯಾಡ.’

ಗೆಳೆಯ ಹೊರಗೆ ಹೋಗಿ ಚಪ್ಪಲಿಗಳ ಹತ್ತಿರ ನಿಂತ. ಹಿರಿಯಣ್ಣನಿಗೆ ಅಕ್ಕನ ಆಸೆಗಿಂತ ಬೇರೆಯದೇ ಚಿಂತೆ ಇತ್ತು. ‘ಮಲಗಿಸಿಕೊಂಡು ಹೊಂಟರ ಮಂದಿ ಏನಂದಾರು? ವಾರಸಿಲ್ಲದ ಹೆಣದಂಗ! ಹೂಂ, ಇನ್ನೊಮ್ಮೆ ಹಿಡೀರಿ.’

ಮೂರು ಜನ ಸೇರಿ ಬೆನ್ನು ಎತ್ತಿ ಸೊಂಟ ಮಡಿಸಲು ನೋಡಿದರು. ಹೊಟ್ಟೆಯ ಮೇಲಿನ ಬಟ್ಟೆ ಒದ್ದೆಯಾಗುತ್ತ ಬಂತು. ಹೊಲಿಗೆ ಬಿಟ್ಟಿತ್ತು. ಕಾಲು ಹಿಡಿದಿದ್ದವನು ಕೈಬಿಟ್ಟು ಹಿಂದೆ ಸರಿದ. ದೇಹ ಚಾಪೆಗೆ ಬಿತ್ತು. ಆ ಸಪ್ಪಳಕ್ಕೆ ಅಕ್ಕ ಬಾಗಿಲು ನೂಕಿಕೊಂಡು ಒಳಗೆ ಬಂದಳು.

‘ಏನ್ ಮಾಡಾಕತ್ತೀರಿ ಅವಗ?’

‘ನೀನ ಅಂದಿದ್ದಿಲ್ಲೇನವಾ, ಕುಂಡ್ರಸಬೇಕು ಅಂತ?’ ಎಂದ ಹಿರಿಯಣ್ಣ.

‘ಅಂದಿದ್ನಿ. ಈಗ ಬ್ಯಾಡ ಅಂತೇನಿ. ಕೈ ತಗೀರಿ.’

ಹಿರಿಯಣ್ಣ ಮಂದಿಯ ಮಾತು ಎತ್ತಿದ. ‘ಮಂದಿ ಬಂದು ಮಡಚತಾರೇನು ಅವನ ಕಾಲು? ತಗೀರಿ ಅಂದ್ನೆಲ್ಲಾ’ ಎಂದಳು. ಕೈ ತೆಗೆದರು.

ಅವಳು ಪಕ್ಕದಲ್ಲಿ ಕೂತಳು. ಅವನ ಮುಖ ಮೇಲೆ ಮಾಳಿಗೆಯ ಕಡೆಗಿತ್ತು. ಬಗ್ಗಿ ನೋಡಿದಳು, ಆ ಕಡೆ ಈ ಕಡೆ ಸರಿದು ನೋಡಿದಳು. ಮುಖಕ್ಕೆ ಮುಖ ಸಿಗಲಿಲ್ಲ. ಆಮೇಲೆ ಅವನ ಮಗ್ಗುಲಲ್ಲಿ ನೆಲದ ಮೇಲೆ ಮಲಗಿಬಿಟ್ಟಳು, ಅವನತ್ತ ಹೊರಳಿ. ಬಾಗಿಲಲ್ಲಿದ್ದ ಸೋದರತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ‘ಯವ್ವಾ, ಏಳ! ಎಲ್ಲಾರೂ ನೋಡಾಕತ್ತಾರ.’

‘ಅವಗ ಕುಂಡ್ರಾಕ ಬರೂದಿಲ್ಲ. ನನಗ ಮಲಗಾಕ ಬರ್ತದ’ ಎಂದಳು ಅಕ್ಕ.

ಏನೋ ಹೇಳತೊಡಗಿದಳು. ದನಿ ಸಣ್ಣದಿತ್ತು, ನನಗೆ ಕೇಳಲಿಲ್ಲ. ಬಹಳ ಹೊತ್ತು ಹೇಳಲು ಅವಳಿಗೆ ಬಿಡಲೂ ಇಲ್ಲ. ದೇಹ ತಡೆಯುವುದಿಲ್ಲ, ಮಣ್ಣಿಗೆ ತಡವಾಯಿತು ಎಂದು ಹೆಂಗಸರು ರಟ್ಟೆ ಹಿಡಿದು ಎಬ್ಬಿಸಿದರು.

ಹೊಲದಲ್ಲಿ, ಕೂತ ಮನುಷ್ಯನಿಗೆಂದು ಚೌಕಾಗಿ ಕುಣಿ ತೆಗೆದು, ಒಳಗೋಡೆಯಲ್ಲಿ ಗೂಡು ಕೊರೆದಿದ್ದರು. ಈಗ ಅದನ್ನು ಉದ್ದ ಮಾಡಬೇಕಾಯಿತು. ಕೆಳಗೆ ಕಲ್ಲಿನಂಥ ಗರಸು ಮಣ್ಣು ಹತ್ತಿತು. ಅಗೆಯುವವರು ಗೊಣಗಿದರು, ಬಂದವರು ಬಿಸಿಲಿಗೆ ಬೈದುಕೊಂಡರು. ಕೂತವರ ತಲೆಯ ಮೇಲೆ ಪಾದ ಇಟ್ಟು ಕ್ರಿಯೆ ಮಾಡಿಸಿ ಅಭ್ಯಾಸವಿದ್ದ ಅಯ್ಯನವರು ಮಲಗಿದವನ ಯಾವ ಕಡೆಗೆ ನಿಲ್ಲಬೇಕೆಂದು ತಿಳಿಯದೆ ಎರಡು ಸಲ ಸುತ್ತು ಹಾಕಿದರು. ಅವನನ್ನು ಕೂಡ್ರಿಸಿ ಹೊರಲೆಂದು ಹೂವು ಕಟ್ಟಿ ಸಿಂಗರಿಸಿದ್ದ ವಿಮಾನ ಬಳಕೆಯಾಗದೆ ಟ್ರ್ಯಾಕ್ಟರಿನಲ್ಲಿ ವಾಪಸಾಯಿತು. ಎಲ್ಲರೂ ಮಣ್ಣು ಹಾಕಿ ಸರಿದ ಮೇಲೆ ಪಾಲಿನ ಗೆಳೆಯ ಬಂದು ಒಂದು ಹಿಡಿ ಹಾಕಿದ. ಯಾರೂ ತಡೆಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ.

ಮರುದಿನದ ನಮ್ಮ ಪತ್ರಿಕೆಯಲ್ಲಿ ಸಣ್ಣ ಸುದ್ದಿ ಇತ್ತು. ಬರೆದವನು ನನ್ನ ಸಹೋದ್ಯೋಗಿ. ಕೊನೆಯ ವಾಕ್ಯ ಅದೇ, ವಾರಸುದಾರರಿಗೆ ಒಪ್ಪಿಸಲಾಯಿತು. ತಪ್ಪೇನೂ ಇರಲಿಲ್ಲ.

ಕೆಲವು ತಿಂಗಳ ನಂತರ ಬಬಲೇಶ್ವರಕ್ಕೆ ಹೋದಾಗ ಪಡಸಾಲೆಯಲ್ಲಿ, ಹಲಗೆ ನಿಲ್ಲಿಸಿದ್ದ ಗೋಡೆಗೇ, ದೊಡ್ಡದೊಂದು ಫೋಟೋ ಇತ್ತು. ವಿಮಾನದಲ್ಲಿ ಪದ್ಮಾಸನ ಹಾಕಿ ಕೂತ ಮಾಮಾ. ವಿಭೂತಿ, ಹೂಮಾಲೆ, ಅಂಗೈಯಲ್ಲಿ ಲಿಂಗ. ಹಿರಿಯಣ್ಣ ವಿಜಯಪುರದ ಸ್ಟುಡಿಯೋದಲ್ಲಿ ಮಾಡಿಸಿದ್ದು. ಇನ್ಯಾರದೋ ಮೈಗೆ ಕಂಪ್ಯೂಟರಿನಲ್ಲಿ ಇವನ ತಲೆ ಕೂಡಿಸಿದ್ದರು.

‘ಬಂದ ಮಂದಿ ಎಲ್ಲಾ ಕೇಳ್ತಿದ್ರು, ಕುಂಡ್ರಿಸಿದ್ದಿಲ್ಲೇನು ಅಂತ’ ಎಂದ ಹಿರಿಯಣ್ಣ. ‘ಈಗ ಯಾರೂ ಕೇಳೂದಿಲ್ಲ ನೋಡು.’ ಕೆಲಸ ಚೊಕ್ಕಾಗಿತ್ತು. ಕುತ್ತಿಗೆಯ ಸೇರಿಕೆ ಮಾಲೆಯಲ್ಲಿ ಮುಚ್ಚಿಹೋಗಿತ್ತು.

ಅವನು ಹೊರಗೆ ಹೋದ ಮೇಲೆ ಅಕ್ಕ ಎರಡು ಕಪ್ ಚಹಾ ತಂದಳು. ಫೋಟೋಕ್ಕೆ ಬೆನ್ನು ಹಾಕಿ ಕೂತಳು.

‘ಚಲೋ ಬಂದದಲ್ಲ’ ಎಂದೆ, ಏನಾದರೂ ಆಡಬೇಕಲ್ಲ ಎಂದು.

‘ಕೈ ನೋಡಿದೇನು?’ ಎಂದಳು, ತಿರುಗದೆ. ‘ಉಗುರು ಎಷ್ಟು ಸ್ವಚ್ಛ ಅದಾವ. ಯಾರ ಗಂಡನೋ ಏನೋ. ದಿನಾ ಬಂದು ನನ್ನ ಮನ್ಯಾಗ ಕುಂಡ್ರತಾನ.’

ಇಬ್ಬರೂ ಕೂತು ಚಹಾ ಮುಗಿಸಿದೆವು. ಆಮೇಲೆ ಅವಳು ಎದ್ದು, ನನ್ನ ಲೋಟ ತೆಗೆದುಕೊಂಡು ಒಳಗೆ ಹೋದಳು.